ಉಪ್ಪು ನೋಡದ ಅಡಿಗೆಯವನು

ದೂರದೂರಿಂದ ಗಾಡಿ ತರುವ ಡ್ರೈವರುಗಳು, ಗಾರ್ಡುಗಳು ಉಂಡು ಮಲಗುವುದಕ್ಕೆಂದು ನಾಗಪುರ ಸ್ಟೇಷನ್ನಿನ ಪಕ್ಕದಲ್ಲಿ ಒಂದು ರನ್ನಿಂಗ್ ರೂಮ್ ಇತ್ತು. ಚೌರಪ್ಪ ಅಲ್ಲಿ ಅಡಿಗೆಯವನಾಗಿದ್ದ. ಹಾಸನದ ಕಡೆಯ ಕ್ರೈಸ್ತ. ಯಾವನೋ ಇಂಗ್ಲಿಷ್ ಸಾಹೇಬನಿಗೆ ಅಡಿಗೆ ಮಾಡಿಕೊಂಡು ಬಂದವನು, ಸಾಹೇಬ ಹಡಗು ಹತ್ತಿದ ಮೇಲೆ ಇಲ್ಲೇ ಉಳಿದುಬಿಟ್ಟ. ಆಳು ಗುಡಾಣದ ಹಾಗಿದ್ದ. ರುಚಿ ನೋಡುವುದೆಂದರೆ ಅವನ ಪಾಲಿಗೆ ಒಂದು ಸೌಟು ಬೇಳೆ, ಎರಡು ಚಪಾತಿ, ಮೂರು ತುಂಡು ಮಾಂಸ. ಅದಾದ ಮೇಲೆ ಊಟಕ್ಕೆ ಕೂರುತ್ತಿದ್ದ.

ಈಸ್ಟರಿಗೆ ಮುಂಚಿನ ನಲವತ್ತು ದಿನ ತಪಸ್ಸುಕಾಲ. ಹೆಂಡತಿ ಆರೋಗ್ಯಮ್ಮ ಪ್ರತಿವರ್ಷ ದಿನಕ್ಕೊಂದೇ ಊಟದ ಒಪ್ಪೊತ್ತು ಹಿಡಿಯುತ್ತಿದ್ದಳು. 1955ರ ಬೂದಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಂಡು ಚರ್ಚಿನಿಂದ ಬರುವಾಗ ಅವಳು, "ನಿಮ್ಮ ಕೈಲಿ ಒಪ್ಪೊತ್ತು ಆಗೋಲ್ಲ ಬಿಡಿ. ಯೇಸುಸ್ವಾಮಿಗೂ ಅದು ಗೊತ್ತು" ಎಂದಳು. ಕನಿಕರದಿಂದಲೇ ಅಂದದ್ದು. ಅದೇ ಅವನಿಗೆ ನಾಟಿತು.

"ಈ ಸಲ ನಾನೂ ಹಿಡೀತೀನಿ. ಉಪ್ಪು ಸಹ ನೋಡೋಲ್ಲ" ಎಂದುಬಿಟ್ಟ.

ಆ ದಿನದ ಬೇಳೆಗೆ ಉಪ್ಪೇ ಇರಲಿಲ್ಲ. ಮರುದಿನದ್ದನ್ನು ಬಾಯಿಗಿಡುವ ಹಾಗಿರಲಿಲ್ಲ. ಭುಸಾವಳದಿಂದ ಗಾಡಿ ತರುತ್ತಿದ್ದ ಗಾರ್ಡ್ ಗುಂಡಪ್ಪ ತುಮಕೂರಿನ ಕಡೆಯವರು. ಅವರು ಎದ್ದು ಒಳಗೆ ಬಂದರು.

"ಏನಪ್ಪಾ ಚೌರಪ್ಪ, ನಿನ್ನ ಉಪವಾಸಕ್ಕೆ ನಮಗ್ಯಾಕೆ ಶಿಕ್ಷೆ? ಬೇಳೆ, ಪಲ್ಯದ ರುಚಿ ನಾನು ನೋಡ್ತೀನಿ. ಮಾಂಸ ಮಾತ್ರ ಬೇರೆಯವರಿಗೆ ಹೇಳು."

ಮಾಂಸಕ್ಕೆ ಇಟಾರ್ಸಿಯ ಇಬ್ಬರು ಡ್ರೈವರುಗಳು ಮುಂದೆ ಬಂದರು. ಒಬ್ಬನಿಗೆ ಬರೋಬರ್ ಅನಿಸಿದ್ದು ಇನ್ನೊಬ್ಬನಿಗೆ ಅನಿಸುತ್ತಿರಲಿಲ್ಲ, ಆದ್ದರಿಂದ ಮತ್ತೆ ಮತ್ತೆ ನೋಡಬೇಕಾಗುತ್ತಿತ್ತು. ಗುಂಡಪ್ಪನವರು ಪಲ್ಯವನ್ನು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಬಡಿಸುವ ಹೊತ್ತಿಗೆ ಪಾತ್ರೆಗಳ ತಳ ಕಾಣತೊಡಗಿತು. ಚೌರಪ್ಪ ಮೂವರನ್ನೂ ಹೊರಗೆ ಕಳಿಸಿದ. ಇನ್ನು ಉಪ್ಪು ತಿಳಿಯುವುದು ಹೇಗೆ? ಉಣ್ಣುವವರ ಮುಖ ನೋಡಿಯೇ ತಿಳಿಯಬೇಕು. ಊಟದ ಕೋಣೆಯ ಬಾಗಿಲಲ್ಲಿ ಬಂದು ನಿಂತುಕೊಂಡ.

ಇಪ್ಪತ್ತು ವರ್ಷ ಅಡಿಗೆ ಮಾಡಿದ್ದ, ಜನ ಉಣ್ಣುವುದನ್ನು ನೋಡಿರಲಿಲ್ಲ. ಮಸಿ ಮೆತ್ತಿದ ಕೈಯನ್ನು ತಿಕ್ಕಿ ತಿಕ್ಕಿ ತೊಳೆದು ಕೂರುವ ಫೈರ್‌ಮನ್ನು, ಮೊದಲ ತುತ್ತಿಗೇ ಭುಜ ಇಳಿಬಿಡುವ ಡ್ರೈವರು, ಸಾರು ಸುರಿದುಕೊಂಡು ತನ್ನಷ್ಟಕ್ಕೆ ನಗುವ ಗಾರ್ಡು. ಬರಿಹೊಟ್ಟೆಯಲ್ಲಿ ನಿಂತು ನೋಡುತ್ತಿದ್ದರೆ ಅವನಿಗೆ ಸುಖದಿಂದ ತಲೆ ತೇಲುತ್ತಿತ್ತು. ಮೂರನೆಯ ವಾರಕ್ಕೆ ಮೈ ಎಷ್ಟು ಹಗುರವಾಯಿತೆಂದರೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಚಪಾತಿಯನ್ನು ಮೇಲಕ್ಕೆ ಹಾರಿಸಿ ಹಿಡಿದ. ಸಿಳ್ಳೆ ಹಾಕುತ್ತ ಈರುಳ್ಳಿ ಹೆಚ್ಚಿದ. ಆಮೇಲೆ ಅವನಿಗೇ ದಿಗಿಲಾಯಿತು. ಮಂಗಳೂರಿನಿಂದ ಬಂದಿದ್ದ ವಯಸ್ಸಾದ ಪಾದ್ರಿಯೊಬ್ಬರು ಚರ್ಚಿನಲ್ಲಿದ್ದರು. ಅವರ ಜಗಲಿಗೆ ಹೋದ.

"ಸ್ವಾಮಿ, ಹಸಿದಷ್ಟೂ ಖುಷಿಯಾಗ್ತದೆ. ತಪಸ್ಸುಕಾಲದಲ್ಲಿ ಹೀಗಾಗಬಹುದಾ?"

"ಖುಷಿ ಪಾಪ ಅಲ್ಲ ಮಾರಾಯ. ಉಪ್ಪು ನೋಡಲಿಕ್ಕೆ ನಾಲಗೆಗೆ ಒಂದು ಹನಿ ತಾಗಿಸಿದರೂ ಪಾಪ ಅಲ್ಲ."

"ನನ್ನ ಹನಿ ನಿಮಗೆ ಗೊತ್ತಿಲ್ಲ ಸ್ವಾಮಿ."

ಪಾದ್ರಿ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು: "ನೀನು ಬಿಟ್ಟ ಊಟ ಯಾರಿಗೆ ಹೋಗ್ತದೆ?"

ಅದನ್ನು ಚೌರಪ್ಪ ಯೋಚಿಸಿಯೇ ಇರಲಿಲ್ಲ.

ಮರುದಿನದಿಂದ ಮಧ್ಯಾಹ್ನದ ತನ್ನ ತಟ್ಟೆಯನ್ನು ಪ್ಲಾಟ್‌ಫಾರ್ಮಿನಲ್ಲಿ ನೀರು ಕೊಡುವ ಮುದುಕ ಶಾಮನ ಹತ್ತಿರ ಒಯ್ದ. ಶಾಮನಿಗೆ ಮರಾಠಿ ಮಾತ್ರ ಬರುತ್ತಿತ್ತು, ಹಲ್ಲು ನಾಲ್ಕೇ ಉಳಿದಿದ್ದವು. ಚೌರಪ್ಪ ಅವನಿಗಾಗಿ ಚಪಾತಿಯನ್ನು ಬೇಳೆಯಲ್ಲಿ ನೆನೆಸಿ, ತುಪ್ಪ ಹಾಕಿ ಕೊಡುತ್ತಿದ್ದ. ಉಂಡಾದ ಮೇಲೆ ಶಾಮ ತಣ್ಣನೆಯ ಮಡಕೆಯಿಂದ ನೀರು ಹುಯ್ದು ಕೊಡುತ್ತಿದ್ದ. ನಾಗಪುರದ ಬಿಸಿಲು ಆಗಲೇ ಏರತೊಡಗಿತ್ತು. ಆ ನೀರು ಗಂಟಲಿನಿಂದ ಹೊಟ್ಟೆಯವರೆಗೂ ಇಳಿಯುವುದು ಚೌರಪ್ಪನಿಗೆ ಗೊತ್ತಾಗುತ್ತಿತ್ತು. ಶುಭ ಶುಕ್ರವಾರ ಮಾತ್ರ ಚೌರಪ್ಪ ತಲೆಸುತ್ತಿ ಬೆಂಚಿನ ಮೇಲೆ ಕೂತುಬಿಟ್ಟ. ಶಾಮ ಅವನ ನೆತ್ತಿಗೆ ನೀರು ಚಿಮುಕಿಸಿ, ತಟ್ಟೆಯಿಂದ ಒಂದು ತುತ್ತು ಎತ್ತಿ ಅವನ ಬಾಯಿಯ ಹತ್ತಿರ ಹಿಡಿದ. "ಪರ್ವಾ, ಬಾಬಾ, ಪರ್ವಾ" ಎಂದ ಚೌರಪ್ಪ. ನಾಡಿದ್ದು, ನಾಡಿದ್ದು.

ಈಸ್ಟರ್ ದಿನ ಪೂಜೆ ಮುಗಿಸಿಕೊಂಡು ಬಂದು, ಚೌರಪ್ಪ ಮದುವೆಯಾದಾಗಿನಿಂದ ಮೊದಲ ಬಾರಿಗೆ ಮನೆಯ ಒಲೆಯ ಮುಂದೆ ಕೂತು ಹೆಂಡತಿಗೆ ಅಡಿಗೆ ಮಾಡಿ ಬಡಿಸಿದ. ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು.

"ಹಾಗ್ಯಾಕೆ ನೋಡ್ತೀರಿ? ನೀವೂ ತಿನ್ನಿ ರೀ" ಎಂದಳು, ನಾಚಿಕೊಂಡು.

ಸಂಜೆ ಇಬ್ಬರೂ ಟಾಂಗಾ ಹತ್ತಿ ಅಂಬಾಝರಿ ಕೆರೆಗೆ ಹೊರಟರು. ತಪಸ್ಸುಕಾಲದುದ್ದಕ್ಕೂ ಚರ್ಚಿನಲ್ಲಿ ಹಾಡದ 'ಅಲ್ಲೆಲೂಯ'ವನ್ನು ಚೌರಪ್ಪ ಗಂಟಲು ಬಿಚ್ಚಿ ಹಾಡತೊಡಗಿದ. ಆರೋಗ್ಯಮ್ಮ ಅವನ ತೋಳು ಚಿವುಟಿದಳು, ಆಮೇಲೆ ತಾನೂ ದನಿಗೂಡಿಸಿದಳು. ಟಾಂಗಾದವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಆ ಒಂದು ಪದ ಹಿಡಿದುಕೊಂಡು, ಚಾಟಿಯ ಕೋಲಿನಿಂದ ತಾಳ ಹಾಕುತ್ತ, ಕುದುರೆಯನ್ನು ಕೆರೆಯ ಕಡೆಗೆ ಓಡಿಸಿದ.