ಗೇಟಿನಲ್ಲಿಟ್ಟ ಫೋನಿನಿಂದ ಬಂದ ಸ್ವರ

ಇದನ್ನು ಓದಿ ನಗುವವರು ನಗಲಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಕತೆ ಕಟ್ಟುವ ವಿದ್ಯೆ ನನಗಿಲ್ಲ. ಕುಡಿಯುವವನೂ ಅಲ್ಲ, ನಿದ್ದೆಗಣ್ಣಿನಲ್ಲಿ ಗಾಡಿ ಓಡಿಸುವವನೂ ಅಲ್ಲ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಬೈಕಂಪಾಡಿಯ ಒಂದು ಲಾರಿ ಕಂಪೆನಿಯಲ್ಲಿ ನಾನು ಡ್ರೈವರ್. ರಾತ್ರಿ ಲೋಡ್ ಹಿಡಿದು ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಹೋಗುವುದು, ಮರುದಿನ ವಾಪಸು ಬರುವುದು. ನಮ್ಮವನೇ ಒಬ್ಬ ಫೋನಿನಲ್ಲಿ ಮಾತಾಡುತ್ತಾ ಹೋಗಿ ಕೂಳೂರಿನ ಹತ್ತಿರ ಡಿವೈಡರಿಗೆ ಗುದ್ದಿದ ಮೇಲೆ ಕಂಪೆನಿ ಹೊಸ ರೂಲ್ ತಂದಿತು. ಗಾಡಿ ಹೊರಡುವ ಮೊದಲು ಡ್ರೈವರ್ ತನ್ನ ಫೋನನ್ನು ಗೇಟಿನಲ್ಲಿ ಕೊಡಬೇಕು. ವಾಚ್‌ಮನ್ ಲೋಕಣ್ಣ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾನೆ. ತಿರುಗಿ ಬಂದ ಮೇಲೆಯೇ ವಾಪಸು.

ಎಲ್ಲರೂ ಗೊಣಗಿದರು. ಹೆಂಡತಿ ಮಕ್ಕಳು ಫೋನ್ ಮಾಡಿದರೆ ಎಂತ ಮಾಡುವುದು ಎಂದು ಕೇಳಿದರು. ಮೊದಲು ಫೋನ್ ಕೊಟ್ಟವನು ನಾನು. ದುಡಿಯುವಾಗ ದುಡಿಯಬೇಕು, ಹರಟೆ ಯಾಕೆ ಎಂದು ನನಗೆ ಹೆಮ್ಮೆಯೇ ಇತ್ತು.

ನಮ್ಮ ಮನೆ ಬೋಳಾರದಲ್ಲಿ, ಹೊಳೆಯ ಬದಿಗೆ. ನಾನು, ನನ್ನ ಹೆಂಡತಿ ಶಶಿ, ಇಬ್ಬರೇ. ಮನೆಯಲ್ಲಿ ನಾವು ತುಳುವೇ ಮಾತಾಡುವುದು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಮಾತಾಡುವುದು ಎಂದರೆ ಅವಳೇ. ನನ್ನದು ಊಟ ಆಯ್ತಾ, ಗ್ಯಾಸ್ ಬಂತಾ, ಅಷ್ಟೇ.

ಒಂದು ದಿನ ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದು ನೀರುದೋಸೆ ತಿನ್ನುತ್ತಿದ್ದೆ. ಅವಳು ಎದುರು ಕುಳಿತು ಮೆಲ್ಲ ಹೇಳಿದಳು, “ನಿನ್ನೆ ರಾತ್ರಿ ನೀವು ಮಾತಾಡಿದ್ದು... ಮದುವೆಯಾದ ಮೇಲೆ ಒಂದು ದಿನವೂ ಹಾಗೆ ಮಾತಾಡಿದ್ದಿಲ್ಲ ನೀವು.”

ರಾತ್ರಿ ನನ್ನ ಫೋನ್ ಗೇಟಿನ ಕಪಾಟಿನಲ್ಲಿತ್ತು.

“ಕಂಪೆನಿಯವರು ನಿಮಗೊಬ್ಬರಿಗೆ ಫೋನಿಗೆ ಪರ್ಮಿಷನ್ ಕೊಟ್ಟದ್ದು ನನಗೆ ಹೇಳಲೇ ಇಲ್ಲ. ದೊಡ್ಡ ಜನ ಮಾರಾಯ್ರೆ ನೀವು” ಎಂದು ನಕ್ಕಳು. ಆ ನಗುವನ್ನು ನಾನು ತುಂಬ ಕಾಲದಿಂದ ನೋಡಿರಲಿಲ್ಲ.

ನಾನಲ್ಲ ಎಂದು ಹೇಳಬೇಕಿತ್ತು. “ಹ್ಞೂಂ” ಎಂದೆ.

ಅವಳು ಸ್ನಾನಕ್ಕೆ ಹೋದಾಗ ಅವಳ ಫೋನ್ ನೋಡಿದೆ. ರಾತ್ರಿಯ ಕರೆ ನನ್ನ ನಂಬರಿನಿಂದಲೇ ಬಂದಿತ್ತು.

ನನ್ನ ತಲೆಗೆ ಮೊದಲು ಬಂದದ್ದು ಲೋಕಣ್ಣ. ಮಾತಿನಲ್ಲಿ ಜೇನು ಸುರಿಸುವ ಆಸಾಮಿ, ಕಪಾಟಿನ ಕೀ ಅವನ ಸೊಂಟದಲ್ಲಿ. ಸಂಜೆ ಅವನ ಕಾಲರ್ ಹಿಡಿದು, ನನ್ನ ಫೋನಿನಿಂದ ಶಶಿಯ ಹತ್ತಿರ ಮಾತಾಡಿದ್ದು ನೀನೇ ಅಲ್ವಾ ಎಂದು ಕೇಳಿದೆ. ಅವನು ಸಿಟ್ಟಾಗಲಿಲ್ಲ, ನನ್ನ ಮುಖವನ್ನೇ ನೋಡಿದ. “ಎಂತ ಮಾರಾಯ ನಿನ್ನದು? ನನಗೆ ಒಂದು ಹೆಂಡತಿಯನ್ನು ಸುಧಾರಿಸಲಿಕ್ಕೇ ಆಗುವುದಿಲ್ಲ. ಅಷ್ಟು ಡೌಟ್ ಇದ್ದರೆ ಸಿಮ್ ತೆಗೆದುಕೊಂಡು ಹೋಗು. ಫೋನ್ ಕೊಡಬೇಕು ಅಂತ ಮಾತ್ರ ರೂಲ್ ಇರುವುದು.”

ಸಿಮ್ ತೆಗೆದು ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿದೆ. ಖಾಲಿ ಫೋನ್ ಕಪಾಟಿನೊಳಗೆ ಹೋಯಿತು. ಬೀಗ ಬಿದ್ದದ್ದನ್ನು ಎಳೆದು ನೋಡಿಯೇ ಗಾಡಿ ಹತ್ತಿದೆ.

ಊರಿನ ಅಂಚಿನ ಪಡೀಲ್ ತನಕ ಬಂದಿದ್ದೆ. ಘಾಟಿಯಲ್ಲಿ ಟ್ಯಾಂಕರ್ ಮಗುಚಿದೆ, ರಸ್ತೆ ಬಂದ್ ಎಂದು ಪೊಲೀಸರು ಲಾರಿಗಳನ್ನೆಲ್ಲ ಬದಿಗೆ ಹಾಕಿಸಿದರು. ಬೆಳಗಾಗದೆ ಬಿಡುವುದಿಲ್ಲ ಎಂದರು. ಇಂಜಿನ್ ಆಫ್ ಮಾಡಿ ಕುಳಿತೆ. ಕತ್ತಲಲ್ಲಿ ಸಾಲಾಗಿ ನಿಂತ ಲಾರಿಗಳು, ಬಿಸಿ ಡೀಸೆಲ್ ವಾಸನೆ... ಆ ನಗು ತಲೆಯಿಂದ ಹೋಗಲೊಲ್ಲದು. ಯಾರಿಗಾಗಿ ನಕ್ಕದ್ದು ಅವಳು?

ಹಿಂದಿನ ಲಾರಿಯವನಿಗೆ ಗಾಡಿ ನೋಡಿಕೊಳ್ಳಲು ಹೇಳಿ ಒಂದು ರಿಕ್ಷಾ ಹತ್ತಿದೆ. ಗಾಡಿ ಬಿಟ್ಟು ಹೋಗುವುದು ನನ್ನ ಜಾಯಮಾನದಲ್ಲೇ ಇಲ್ಲ. ಅವತ್ತು ಹೋದೆ.

ರಿಕ್ಷಾವನ್ನು ದೂರದಲ್ಲೇ ಬಿಟ್ಟು ನಮ್ಮ ಓಣಿಗೆ ನಡೆದೆ. ಹೊಳೆಯ ನೀರು ಇಳಿದಿತ್ತು, ಕೆಸರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಂದು ನಾಯಿಯೂ ಬೊಗಳಲಿಲ್ಲ. ಮನೆಯ ಕಿಟಕಿಯಲ್ಲಿ ಸಣ್ಣ ಬೆಳಕು. ಒಳಗೆ ಶಶಿ ಯಾರೊಂದಿಗೋ ಮಾತಾಡುತ್ತಿದ್ದಳು.

ಕಿಟಕಿಗೆ ಕಿವಿ ಕೊಟ್ಟೆ.

ಫೋನ್ ಸ್ಪೀಕರಿನಲ್ಲಿತ್ತು. ಮಾತಾಡುತ್ತಿದ್ದದ್ದು... ನಾನು.

ನನ್ನದೇ ಸ್ವರ. ಮಾತಿನ ನಡುವೆ ಗಂಟಲು ಸರಿಮಾಡಿಕೊಳ್ಳುವುದೂ ನನ್ನ ಹಾಗೆಯೇ. ಆದರೆ ಎಷ್ಟು ಮೆತ್ತಗೆ. ನಾನು ಶಾಲೆ ಬಿಟ್ಟ ದಿನದ ವಿಷಯ ಹೇಳುತ್ತಿದ್ದ ಅವನು. ಮರುದಿನವೂ ಅಭ್ಯಾಸಬಲದಿಂದ ಶಾಲೆಯ ಕಂಪೌಂಡ್ ತನಕ ಹೋಗಿ, ಗೋಡೆಯ ಹೊರಗೆ ನಿಂತು ಮಕ್ಕಳು ಮಗ್ಗಿ ಹೇಳುವುದನ್ನು ಕೇಳುತ್ತಾ ಅತ್ತದ್ದು. ಅದನ್ನು ನಾನು ಹೆತ್ತ ತಾಯಿಗೂ ಹೇಳಿರಲಿಲ್ಲ. ಒಳಗೆ ಶಶಿ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು.

ನನಗೆ ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು. ಆ ದುಃಖ ನನ್ನದು. ಅದನ್ನು ಅವಳಿಗೆ ಹೇಳಲು ಇವನು ಯಾರು?

ಕಿಸೆ ಮುಟ್ಟಿ ನೋಡಿದೆ. ಸಿಮ್ ಅಲ್ಲಿಯೇ ಇತ್ತು.

“ಈಗ ಎಲ್ಲಿಗೆ ಮುಟ್ಟಿದ್ರಿ?” ಎಂದು ಅವಳು ಕೇಳಿದಳು.

“ಘಾಟಿ ಹತ್ತುತ್ತಾ ಇದ್ದೇನೆ.”

ಘಾಟಿ ಬಂದ್ ಆಗಿತ್ತು. ಆ ಸ್ವರದ ಹಿಂದೆ ಇಂಜಿನ್ ಸದ್ದೂ ಇರಲಿಲ್ಲ. ಏನೂ ಇರಲಿಲ್ಲ... ಬಾವಿಯೊಳಗೆ ಬಗ್ಗಿದಾಗ ಕೇಳುವಂಥ ಮೌನ.

ತಡೆಯಲಾಗಲಿಲ್ಲ. ಬಾಗಿಲು ಬಡಿದೆ. “ಶಶೀ, ಬಾಗಿಲು ತೆಗೆ.”

ಒಳಗೆ ಬಳೆಯ ಸದ್ದು ನಿಂತಿತು.

“ತೆಗೆಯಬೇಡ” ಎಂದಿತು ಫೋನಿನ ಸ್ವರ.

“ಹೊರಗೆ... ನಿಮ್ಮದೇ ಸ್ವರ ಕೇಳ್ತಾ ಉಂಟಲ್ಲ” ಎಂದಳು ಅವಳು.

“ನನ್ನದಲ್ಲ ಅದು. ಸರಿಯಾಗಿ ಕೇಳು. ಅಷ್ಟು ಗಡಸಾಗಿ ನಾನು ನಿನ್ನನ್ನು ಕರೆಯುತ್ತೇನಾ?”

ಮತ್ತೆ ಬಡಿದೆ. ಈ ಸಲ ಅವಳು ಬಾಗಿಲಿನ ಹತ್ತಿರ ಬಂದಳು. ಅವಳ ಉಸಿರು ಹಲಗೆಯ ಆಚೆ ಕೇಳುತ್ತಿತ್ತು, ತಲೆಗೆ ಹಚ್ಚಿದ ತೆಂಗಿನೆಣ್ಣೆಯ ಪರಿಮಳವೂ ಸಂದಿಯಿಂದ ಬರುತ್ತಿತ್ತು. ಚಿಲಕಕ್ಕೆ ಕೈ ಹಾಕುತ್ತಾಳೆ ಎಂದುಕೊಂಡೆ.

“ಯಾರು ನೀವು? ಹೋಗಿ ಇಲ್ಲಿಂದ” ಎಂದಳು. “ನನ್ನ ಗಂಡ ಲೈನಿನಲ್ಲಿದ್ದಾರೆ.”

ನಾನೇ ಎಂದು ಹೇಳಲು ಬಾಯಿ ತೆರೆದೆ. ಏನು ಹೇಳಿದರೆ ಅವಳು ನಂಬುತ್ತಾಳೆ ಎಂದು ಯೋಚಿಸಿದೆ... ನನಗೆ ಒಂದು ಮಾತೂ ಹೊಳೆಯಲಿಲ್ಲ. ನಮ್ಮಿಬ್ಬರ ನಡುವೆ ಗುರುತಿಗೆ ಹೇಳುವಂಥ ಒಂದು ಗುಟ್ಟನ್ನೂ ನಾನು ಉಳಿಸಿರಲಿಲ್ಲ. ಅಷ್ಟರಲ್ಲಿ ಫೋನಿನೊಳಗಿನವನು ಮೆಲ್ಲ ನಕ್ಕ. ಪಡೀಲ್ ತನಕ ತಿರುಗಿ ನೋಡದೆ ನಡೆದೇ ಹೋದೆ.

ಟ್ರಿಪ್ ಮುಗಿಸಿ ಬಂದಾಗ ಲೋಕಣ್ಣ ಬೀಗ ತೆಗೆದು ಫೋನ್ ಕೊಟ್ಟ. ಸಿಮ್ ಇಲ್ಲದ ಫೋನ್, ಇಟ್ಟ ಹಾಗೆಯೇ ಇತ್ತು. ಮನೆಗೆ ಹೋದರೆ ಶಶಿ ನನ್ನ ಕೈ ಹಿಡಿದುಕೊಂಡಳು. ನಿನ್ನೆ ರಾತ್ರಿ ಯಾರೋ ಬಂದಿದ್ದರು, ನೀವು ಲೈನಿನಲ್ಲಿ ಇಲ್ಲದಿದ್ದರೆ ಬಾಗಿಲು ತೆಗೆದೇ ಬಿಡುತ್ತಿದ್ದೆ ಎಂದಳು. ಬಂದವನು ನಾನೇ ಎಂದು ಹೇಳಲು ಇವತ್ತಿನವರೆಗೂ ಆಗಲಿಲ್ಲ.

ಮ್ಯಾನೇಜರ್ ಹತ್ತಿರ ಕೇಳಿ ಹಗಲು ಡ್ಯೂಟಿ ಹಾಕಿಸಿಕೊಂಡೆ. ರಾತ್ರಿ ಅವಳ ಪಕ್ಕದಲ್ಲಿ ಮಲಗಿ ಅವನ ಹಾಗೆ ಮಾತಾಡಲು ನೋಡಿದೆ. ಶಾಲೆಯ ಗೋಡೆಯ ವಿಷಯವನ್ನು ಎತ್ತಿದೆ. “ಅದು ಹೇಳಿದ್ದೀರಲ್ಲ” ಎಂದು ಅವಳು ಮಗ್ಗುಲು ಬದಲಿಸಿದಳು. ದಿನ ಹೋದಂತೆ ಅವಳ ಮಾತೂ ಕಡಿಮೆಯಾಯಿತು.

ಇವತ್ತು ಸಂಜೆ ಆಫೀಸಿನಲ್ಲಿ ಮ್ಯಾನೇಜರ್ ಕರೆದರು. ಸೋಮವಾರದಿಂದ ಮತ್ತೆ ನೈಟ್, ಜನ ಇಲ್ಲ ಎಂದರು. ದಾರಿಯುದ್ದಕ್ಕೂ ಶಶಿಗೆ ಹೇಳುವುದೋ ಬೇಡವೋ ಎಂದು ಯೋಚಿಸುತ್ತಲೇ ಮನೆಗೆ ಬಂದೆ.

ಅವಳು ಮಲ್ಲಿಗೆ ಮುಡಿದಿದ್ದಳು. ಅಡುಗೆಮನೆಯಲ್ಲಿ ಸಣ್ಣಗೆ ಹಾಡು ಗುನುಗುತ್ತಿದ್ದಳು.

“ಸೋಮವಾರದಿಂದ ನೈಟ್ ಅಲ್ವಾ?” ಎಂದು ಕೇಳಿದಳು.

“ಯಾರು ಹೇಳಿದ್ದು?”

“ಎಂತ ಮಾರಾಯ್ರೆ, ಮರೆತೇ ಹೋಯ್ತಾ? ಮಧ್ಯಾಹ್ನ ಫೋನಿನಲ್ಲಿ ನೀವೇ ಹೇಳಿದ್ದಲ್ವಾ.”

ಮಧ್ಯಾಹ್ನ ಮ್ಯಾನೇಜರಿಗೇ ಅದು ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಈಗ ಅವಳು ನಿದ್ದೆಯಲ್ಲಿದ್ದಾಳೆ, ತುಟಿಯಲ್ಲಿ ಸಣ್ಣ ನಗು ಉಂಟು. ಪಕ್ಕದಲ್ಲೇ ಕುಳಿತಿದ್ದೇನೆ... ಆ ನಗು ನನಗಾಗಿ ಅಲ್ಲ.