ರಕ್ತ ತೋರಿಸದ ಧಾರಾವಾಹಿ

ಸಿದ್ಧಕಟ್ಟೆಯ ನಮ್ಮ ಮನೆಗೆ ಡಿಶ್ ಬಂದ ಹೊಸತು. ಆಗ ಭಾನುವಾರ ಮಧ್ಯಾಹ್ನವೆಂದರೆ ಊಟ, ಹುರಿದ ಹಲಸಿನ ಬೀಜ, ಮತ್ತೆ ಟಿ.ವಿ.ಯ ಪತ್ತೇದಾರಿ ಧಾರಾವಾಹಿ. ಮನೆಮಂದಿಯೆಲ್ಲ ಕುಳಿತು ನೋಡುವಂಥ ಮರ್ಯಾದಸ್ಥ ಕೊಲೆಗಳು ಅದರಲ್ಲಿ. ಬಾಗಿಲಿನಾಚೆ ಒಂದು ಚೀರಾಟ, ನೆಲದಲ್ಲಿ ಒಡೆದ ಕನ್ನಡಕ, ಆಮೇಲೆ ಬಿಳಿ ಬಟ್ಟೆ ಹೊದಿಸಿದ ಹೆಣ. ಒಂದು ಹನಿ ರಕ್ತ ಕಂಡವರಿಲ್ಲ.

ನನ್ನ ದೊಡ್ಡಮ್ಮನಿಗೆ ಅಷ್ಟೂ ಹೆಚ್ಚೇ. ಬಂಗುಡೆ ಕೊಯ್ಯುವುದನ್ನು ಸಹ ನೋಡಲಾರದವಳು. ಮೀನು ಬಂದರೆ ಮೆಟ್ಟುಕತ್ತಿಯ ಮುಂದೆ ಕೂರುವುದು ನನ್ನ ಅಮ್ಮ, ಸಾರು ಮಾಡುವುದು ಮಾತ್ರ ಅವಳು. ಆದರೆ ಕೊಲೆಗಾರ ಯಾರೆಂದು ತಿಳಿಯದಿದ್ದರೆ ಅವಳಿಗೆ ತಿಂದದ್ದು ಅರಗದು. ಹಾಗಾಗಿ ಹೆಣದ ಬಟ್ಟೆ ಎತ್ತುವ ಹೊತ್ತಿಗೆ ಸೆರಗನ್ನು ಮುಖಕ್ಕೆಳೆದುಕೊಂಡು, "ನೋಡಬಹುದಾ ಮಗಾ?" ಎಂದು ಕೇಳುತ್ತಿದ್ದಳು. ನೋಡಿ ಹೇಳುವ ಕೆಲಸ ಹತ್ತು ವರ್ಷದವಳಾದ ನನ್ನದು. ಅವಳ ಮಗ ಹರೀಶಣ್ಣ ಬಿ.ಸಿ.ರೋಡಿನ ಟಯರ್ ಅಂಗಡಿಯೊಂದರಲ್ಲಿದ್ದ. ಅವನು ನಮ್ಮ ಹಿಂದೆ ನಿಂತು, ಕರುಳು ಹೊರಗೆ ಬಂತೆಂದು ಬೇಕೆಂದೇ ಹೆದರಿಸಿ, ಬೀಜದ ತಟ್ಟೆ ಖಾಲಿ ಮಾಡುತ್ತಿದ್ದ.

ಒಂದು ಗುಟ್ಟು ಅವರಿಗೆ ತಿಳಿದಿರಲಿಲ್ಲ. ನಾನೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಸಂಗೀತ ನಿಂತರೆ ಬಟ್ಟೆ ಮತ್ತೆ ಹೊದಿಸಿದ್ದಾರೆಂದು ಲೆಕ್ಕ. ಆಗ ದೊಡ್ಡ ಧೈರ್ಯವಂತೆಯ ಗತ್ತಿನಲ್ಲಿ "ಈಗ ನೋಡು" ಎನ್ನುತ್ತಿದ್ದೆ. ಕುರುಡನಿಗೆ ಕುರುಡ ದಾರಿ ತೋರಿಸಿದ ಹಾಗೆ. ದೊಡ್ಡಮ್ಮ ಊರಿಡೀ ನನ್ನ ಗಟ್ಟಿತನವನ್ನು ಹೊಗಳುತ್ತಿದ್ದಳು. ನನಗದು ಬಹಳ ಇಷ್ಟವಿತ್ತು.

ಆ ವರ್ಷ ಮಳೆ ಹಿಡಿಯುವ ಮುಂಚೆ ಹರೀಶಣ್ಣನ ಬೈಕು ಲಾರಿಗೆ ತಾಗಿತು. ಮರುದಿನ ಬೆಳಿಗ್ಗೆ ಅವನನ್ನು ತಂದು ಚಾವಡಿಯಲ್ಲಿ ಮಲಗಿಸಿದರು, ಮುಖವೂ ಕಾಣದ ಹಾಗೆ ಬಿಳಿ ಬಟ್ಟೆ ಹೊದಿಸಿ. ಎತ್ತುವ ಮೊದಲು ಹೆತ್ತವಳು ಬಾಯಿಗೆ ತುಳಸಿ ನೀರು ಬಿಡಬೇಕು. ದೊಡ್ಡಮ್ಮ ನನ್ನ ಹೆಗಲು ಹಿಡಿದು ಬಂದಳು. ಸೆರಗು ಮುಖದ ಮೇಲಿತ್ತು. ಅವಳ ಕೈಯ ಲೋಟದ ನೀರು ನನ್ನ ಕಾಲಿಗೆ ತುಳುಕುತ್ತಿತ್ತು. ಅಪ್ಪ ಬಟ್ಟೆ ಸರಿಸಿದರು.

"ನೋಡಬಹುದಾ ಮಗಾ?"

ಅಲ್ಲಿ ಸಂಗೀತವಿರಲಿಲ್ಲ. ನಾನು ಕಣ್ಣು ಬಿಗಿಯಾಗಿ ಮುಚ್ಚಿದ್ದೆ. "ಬೇಡ ದೊಡ್ಡಮ್ಮ" ಎಂದೆ.

ಅಪ್ಪ ಏನೋ ಹೇಳುವಷ್ಟರಲ್ಲಿ ಅವಳು ಕುಸಿದಿದ್ದಳು. ಹೆಂಗಸರು ಒಳಗೆ ಎತ್ತಿಕೊಂಡು ಹೋದರು. ನೀರನ್ನು ಅಪ್ಪನೇ ಬಿಟ್ಟರು.

ಹದಿಮೂರನೆಯ ದಿನ ಉತ್ತರಕ್ರಿಯೆ ಮುಗಿಸಿ ಬಡಿಸುವ ಬೊಜ್ಜದ ಊಟಕ್ಕೆ ಬಂದವರೊಡನೆ ಅಪ್ಪ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ಪೆಟ್ಟಾದದ್ದು ತಲೆಯ ಹಿಂಭಾಗಕ್ಕೆ, ಮುಖಕ್ಕೆ ಒಂದು ಗೀರೂ ಇರಲಿಲ್ಲ, ನಿದ್ದೆ ಮಾಡಿದ ಹಾಗೆ ಇದ್ದನಂತೆ. ಎಲೆಗೆ ಉಪ್ಪು ಬಡಿಸುತ್ತಿದ್ದ ನಾನು ಮುಂದಿನ ಎಲೆಗೆ ಸರಿದೆ.

ದೊಡ್ಡಮ್ಮ ಈಗ ಲಾಯಿಲದಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಲ್ಲಿ ಮೊಮ್ಮಕ್ಕಳು ಊಟ ಮಾಡುತ್ತಲೇ ಮೊಬೈಲಿನಲ್ಲಿ ಕತ್ತು ಕೊಯ್ಯುವುದನ್ನು ನೋಡುತ್ತಾರೆ. ಅವಳು ಟಿ.ವಿ. ಬಿಟ್ಟು ಇಪ್ಪತ್ತು ವರ್ಷವಾಯಿತು. ಕಳೆದ ತಿಂಗಳು ಹೋದಾಗ ಮೊದಲ ಸಲ ಆ ಮಾತು ತೆಗೆದಳು.

"ಮುಖ ಚಂದ ಇತ್ತು ಅಂತ ಎಲ್ಲರೂ ಹೇಳ್ತಾರೆ, ನನ್ನ ಸಮಾಧಾನಕ್ಕೆ. ನೋಡಿದವಳು ನೀನು. ತುಂಬಾ ಕೆಟ್ಟಿತ್ತಾ?"

ಇಲ್ಲವೆಂದರೆ, ಮತ್ತೆ ಬೇಡವೆಂದದ್ದೇಕೆ ಎಂದು ಕೇಳುತ್ತಾಳೆ. ಹೌದು ಎಂದೆ.

ಅವಳು ನನ್ನ ತಲೆ ಸವರಿದಳು. "ಅಷ್ಟು ಸಣ್ಣ ಪ್ರಾಯದಲ್ಲಿ ಒಬ್ಬಳೇ ನೋಡಿದೆಯಲ್ಲ ಮಗಾ, ಪಾಪ."

ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಅಂದು ಅವಳಿಗೆ ಮಗನ ಮುಖ ನೋಡಲು ಬಿಡಲಿಲ್ಲ. ಇಷ್ಟು ವರ್ಷ ಅವಳ ನೆನಪಿನಲ್ಲಿ ನಗುತ್ತಿದ್ದ ಮುಖವನ್ನೂ ಈಗ ಕೆಡಿಸಿ ಬಂದೆ.