ಪೆಡಲ್ ಇಳಿಯದ ದಿನ
ಕಲಘಟಗಿಯ ನಮ್ಮ ಓಣಿಯಲ್ಲಿದ್ದ ಬಾಡಿಗೆ ಕಾರಿನ ಡ್ರೈವರ್ ಕಾಕಾ, ಎಂಜಿನ್ ಚಾಲೂ ಮಾಡುವ ಮೊದಲು ಬ್ರೇಕ್ ಪೆಡಲನ್ನು ನಾಲ್ಕಾರು ಸಲ ತುಳಿದು, ಒತ್ತಿ ಹಿಡಿದು ಕೀಲಿ ತಿರುಗಿಸುತ್ತಿದ್ದರು. ಪೆಡಲ್ ತುಸು ಕೆಳಗಿಳಿದರೆ, ಬ್ರೇಕ್ ಹಗುರಾಗಿ ಹಿಡಿಯುವಂತೆ ಮಾಡುವ ಬೂಸ್ಟರ್ ನೆಟ್ಟಗಿದೆ ಎಂದರ್ಥ. “ಇಳೀತ್ರಿ, ಹೋಗೂಣು,” ಅನ್ನುತ್ತಿದ್ದರು.

ನನ್ನ ಹೆಂಡತಿಗೆ ಹೆರಿಗೆ ನೋವು ಬಂದ ದಿನ ಪೆಡಲ್ ಇಳಿಯಲಿಲ್ಲ. ಆ ಹೊತ್ತಿಗೆ ಬೇರೆ ಗಾಡಿಯೂ ಸಿಗಲಿಲ್ಲ.

“ಬ್ರೇಕ್ ಬಿರುಸಾಗೇತ್ರಿ. ಸಾವಕಾಶ ಹೋಗೂಣು.”

ಬೇರೆ ಡ್ರೈವರುಗಳು ಪೆಟ್ರೋಲ್ ಉಳಿಸಲು ಎಂಜಿನ್ ಬಂದ್ ಮಾಡುತ್ತಿದ್ದ ಇಳಿಜಾರಿನಲ್ಲಿ ಕಾಕಾ, ಎಂಜಿನ್ನೇ ವೇಗ ತಡೆಯಲೆಂದು, ಫಸ್ಟ್ ಗೇರಿನಲ್ಲೇ ಕಾರು ಇಳಿಸಿದರು. ತಿರುವಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಕಾಕಾ ಸೀಟಿನಿಂದ ಮೇಲೆದ್ದು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿದರು. ಹೆಂಡತಿ ನೋವಿಗೆ ಕೂಗುವುದನ್ನೂ ಮರೆತಳು. ಕಾರು ನಿಂತಾಗ ಎಮ್ಮೆಯ ಬಾಲ ಬಾನೆಟ್ಟನ್ನು ಸವರುತ್ತಿತ್ತು.

ಹುಬ್ಬಳ್ಳಿಯ ದವಾಖಾನೆಯ ಮುಂದೆ ನಾವು ಇಳಿದೆವು. ಕಾಕಾ ಇಳಿಯದೆ, ಪೆಡಲ್ ಮೇಲಿದ್ದ ಕಾಲನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು.

“ನೀವ್ ಒಳಗ ನಡೀರಿ. ಈ ಕಾಲು ಏಳವಲ್ದು.”